ಜನವರಿಯಿಂದ ನಮ್ಮ ಕೊಟೇಶನ್ ಬೇರೆ ರೀತಿ ಇರುತ್ತದೆ

ಮಾನ್ಯ ಗ್ರಾಹಕರೇ,

ನಮ್ಮಿಂದ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು, ನಟ್ಟು, ವಾಷರ್ ತರಿಸಿಕೊಳ್ಳುವ ಖರೀದಿ ವಿಭಾಗದವರಿಗೆ ಈ ಪತ್ರ. ಜನವರಿಯಿಂದ ಇಡೀ ವರ್ಷಕ್ಕೆ ಒಂದೇ ದರ ಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ದರ ಏರಿಸೋಕೆ ಇದೊಂದು ನೆಪ ಅಂತ ನಿಮಗೆ ಅನ್ನಿಸಬಹುದು. ಅದಕ್ಕೇ ಲೆಕ್ಕ ಬಿಡಿಸಿ ಹೇಳುತ್ತೇವೆ.

ಇನ್ನು ಮುಂದೆ ಒಂದೊಂದು ಐಟಂನ ದರವೂ ಮೂರು ಸಾಲಿನಲ್ಲಿ ಇರುತ್ತದೆ: ಲೋಹ, ತಯಾರಿಕೆ, ಸಾಗಣೆ. ತಯಾರಿಕೆಯ ಸಾಲು ವರ್ಷಪೂರ್ತಿ ಬದಲಾಗುವುದಿಲ್ಲ. ಸಾಗಣೆಯದು ಮೂರು ತಿಂಗಳಿಗೊಮ್ಮೆ ಬದಲಾಗಬಹುದು. ಲೋಹದ ಸಾಲು ಮಾತ್ರ ಪ್ರತಿ ತಿಂಗಳು ಮಾರುಕಟ್ಟೆ ಹೋದಂತೆ ಹೋಗುತ್ತದೆ. ಇಳಿದಾಗ ನೀವು ಕೇಳಲಿ ಅಂತ ಕಾಯುವುದಿಲ್ಲ, ಬಿಲ್ಲಿನಲ್ಲೇ ಇಳಿಸುತ್ತೇವೆ. ನಿಮ್ಮ ಸಾಫ್ಟ್‌ವೇರ್‌ಗೆ ಒಂದೇ ದರ ಬೇಕು ಅಂತ ಅಕೌಂಟ್ಸ್‌ನವರು ತಕರಾರು ಮಾಡುವುದು ನಮಗೂ ಗೊತ್ತು. ಕೆಳಗೆ ಒಟ್ಟು ಮೊತ್ತವೂ ಇರುತ್ತದೆ.

ಲೋಹವನ್ನೇ ಯಾಕೆ ಬೇರೆ ತೆಗೆದಿದ್ದು? 304 ದರ್ಜೆಯ ಸ್ಟೀಲಿನಲ್ಲಿ ನಿಕಲ್ ಇರುವುದು ನೂರಕ್ಕೆ ಎಂಟು ಪಾಲು, ಕೆಲವೊಮ್ಮೆ ಸ್ವಲ್ಪ ಜಾಸ್ತಿ. ಆದರೆ ದರವನ್ನು ಕುಣಿಸುವುದರಲ್ಲಿ ಆ ಎಂಟು ಪಾಲಿನದೇ ದೊಡ್ಡ ಕೈ. 2022ರ ಮಾರ್ಚ್ 8ರಂದು ಲೋಹಗಳ ವಹಿವಾಟು ನಡೆಯುವ ಲಂಡನ್ ಮೆಟಲ್ ಎಕ್ಸ್‌ಚೇಂಜ್‌ನಲ್ಲಿ ನಿಕಲ್ ಟನ್ನಿಗೆ 1 ಲಕ್ಷ ಡಾಲರ್ ದಾಟಿತು. ವಹಿವಾಟು ನಿಲ್ಲಿಸಿದರು. ಅವತ್ತು ಆಗಿದ್ದ ವ್ಯವಹಾರಗಳನ್ನೂ ರದ್ದು ಮಾಡಿದರು. ಮತ್ತೆ ಶುರುವಾಗಿದ್ದು 16ನೇ ತಾರೀಖಿಗೆ. ವರ್ಷದ ದರಕ್ಕೆ ಸಹಿ ಹಾಕಿ ಕೂತ ವೆಂಡರ್ ಅಂಥ ವಾರದಲ್ಲಿ ಏನು ಮಾಡುತ್ತಾನೆ? ಮಾಲು ತಡ ಮಾಡುತ್ತಾನೆ. ಮುಂದಿನ ಸಲ ದರ ಕೊಡುವಾಗ ಸದ್ದಿಲ್ಲದೆ ಒಂದಿಷ್ಟು ಸೇರಿಸಿಟ್ಟುಕೊಳ್ಳುತ್ತಾನೆ. ವರ್ಷದ ದರದೊಳಗೆ ಈ ಭಯದ ಬಾಬ್ತು ಇದ್ದೇ ಇರುತ್ತದೆ. ಏನೂ ಆಗದ ವರ್ಷದಲ್ಲೂ ಅದನ್ನು ಕಟ್ಟುವವರು ನೀವೇ ಅಲ್ವಾ?

ಹಾಗಾಗಿ ಮುಂದಿನ ವರ್ಷದ ಬಜೆಟ್ ಮಾಡುವಾಗ ನಿಮ್ಮ ಎಲ್ಲ ವೆಂಡರ್‌ಗಳಿಗೂ ಇದನ್ನು ಕೇಳಿ: ನಿಮ್ಮ ದರದಲ್ಲಿ ಅಲುಗಾಡುವ ಭಾಗ ಯಾವುದು, ಯಾವ ಸೂಚ್ಯಂಕ ನೋಡಿಕೊಂಡು ಅಲುಗಾಡುತ್ತದೆ? ಉತ್ತರ ತಡವರಿಸಿದರೆ ಆ ಬಾಬ್ತು ದೊಡ್ಡದೇ ಇದೆ ಅಂತ ನಮ್ಮ ಅನುಮಾನ.

ಡೆಲಿವರಿ ದಿನಗಳನ್ನೂ ಇನ್ನು ಎರಡು ಅಂಕಿಯಲ್ಲಿ ಕೊಡುತ್ತೇವೆ: ಸಾಮಾನ್ಯವಾಗಿ ಎಷ್ಟು ದಿನ, ತಡವಾದರೆ ಎಷ್ಟು ದಿನ. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡಿದ್ದು ಆರು ದಿನ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಬಹಳಷ್ಟು ಹಡಗುಗಳು ಆಫ್ರಿಕಾದ ತುದಿ ಸುತ್ತಿ ಬರಬೇಕಾಯಿತು. ಏಷ್ಯಾ–ಯುರೋಪ್ ಪ್ರಯಾಣಕ್ಕೆ ಹತ್ತು ದಿನದಷ್ಟು ಜಾಸ್ತಿ. ಸರಾಸರಿ ಅಂಕಿ ನಂಬಿ ಸ್ಟಾಕ್ ಇಟ್ಟವರಿಗೆ ಇಂಥಲ್ಲೇ ಪೆಟ್ಟು.

ಸುಮ್ನೆ ಒಂದು ಲೆಕ್ಕ ಹಾಕಿ. ನಿಮಗೆ ದಿನಕ್ಕೆ 100 ಬೋಲ್ಟು ಬೇಕು. ಒಬ್ಬ ವೆಂಡರ್ ಪ್ರತಿ ಸಲ 30 ದಿನಕ್ಕೆ ಸರಿಯಾಗಿ ತಂದುಕೊಡುತ್ತಾನೆ. ಇನ್ನೊಬ್ಬನ ಸರಾಸರಿ 25 ದಿನ, ಆದರೆ ಒಮ್ಮೊಮ್ಮೆ 45 ದಿನ. ಕೆಲಸ ನಿಲ್ಲಬಾರದು ಅಂದರೆ ಎರಡನೆಯವನಿಗಾಗಿ ನೀವು 2,000 ಬೋಲ್ಟು ಹೆಚ್ಚುವರಿ ಇಟ್ಟುಕೊಂಡಿರಬೇಕು. ಆ ದುಡ್ಡು ಗೋಡೌನಿನಲ್ಲಿ ಮಲಗಿರುತ್ತದೆ. ಅವನ ಕೊಟೇಶನ್‌ನಲ್ಲಿ ಇದು ಕಾಣುವುದಿಲ್ಲ.

ಇನ್ನೊಂದು ಕೋರಿಕೆ. ಬೋಲ್ಟಿನ ತಲೆ ನೋಡಿ. ಎ2-70 ಅಂತ ಒತ್ತಿರುತ್ತದೆ. ಎ2 ಅಂದರೆ 304ರ ಗುಂಪು, 70 ಅಂದರೆ 700 ಮೆಗಾಪ್ಯಾಸ್ಕಲ್ ಎಳೆತ ತಡೆಯುವ ಶಕ್ತಿ. ಎ4 ಅಂದರೆ 316 ದರ್ಜೆಯ ಸ್ಟೀಲಿನ ಗುಂಪು. ಅದರಲ್ಲಿ ಮಾಲಿಬ್ಡಿನಮ್ ಇರುತ್ತದೆ, ನಿಕಲ್ ಕೂಡ ಜಾಸ್ತಿ, ಹಾಗಾಗಿ ದುಬಾರಿ. ಒಣ ಜಾಗದ, ಒಳಗಿನ ಕೆಲಸಕ್ಕೂ ಎ4 ಕೇಳುವ ಪರ್ಚೇಸ್ ಆರ್ಡರ್‌ಗಳು ಬರುತ್ತಲೇ ಇರುತ್ತವೆ. ವಿಚಾರಿಸಿದರೆ ಹಳೇ ಡ್ರಾಯಿಂಗಿನಲ್ಲಿ ಹಾಗೇ ಇದೆ ಅನ್ನುತ್ತಾರೆ. ಹಾಗಂತ ಖರೀದಿಯವರೇ ಎ4 ಹೊಡೆದುಹಾಕಿ ಎ2 ಬರೆಯಬೇಡಿ. ಉಪ್ಪು ನೀರು ತಾಗುವ ಕಡೆ ಎ2 ಬೇಗ ತುಕ್ಕು ಹಿಡಿಯುತ್ತದೆ. ನಿಮ್ಮ ಎಂಜಿನಿಯರ್ ಜೊತೆ ಈಗಲೇ ಕೂತು, ಯಾವ ಐಟಂಗೆ ಬದಲಿ ನಡೆಯುತ್ತದೆ, ಯಾವುದಕ್ಕೆ ಖಂಡಿತ ಇಲ್ಲ ಅಂತ ಬರೆಸಿಕೊಳ್ಳಿ. ಮಾಲು ಸಿಗದ ದಿನ ಫೋನಿನಲ್ಲಿ ಅನುಮತಿ ಕೇಳುತ್ತಾ ಕೂರುವ ಕೆಲಸ ಯಾರಿಗೂ ಬೇಡ.

ಮುಂದಿನ ಮೂರು ತಿಂಗಳ ಅಂದಾಜು ಬೇಡಿಕೆಯನ್ನು ಪ್ರತಿ ತಿಂಗಳು ಕಳಿಸಿದರೆ ಅಷ್ಟಕ್ಕೆ ಮಾಲು ತೆಗೆದಿಡುತ್ತೇವೆ. ಅಂಕಿ ಹೆಚ್ಚುಕಡಿಮೆ ಆದರೆ ಪರವಾಗಿಲ್ಲ, ಅದನ್ನು ಆರ್ಡರ್ ಅಂತ ಹಿಡಿಯುವುದಿಲ್ಲ.

ಡಿಸೆಂಬರ್ 31ರ ಒಳಗೆ ಬಂದ ಆರ್ಡರ್‌ಗಳು ಹಳೇ ದರದಲ್ಲೇ ಹೋಗುತ್ತವೆ, ಡೆಲಿವರಿ ಜನವರಿಗೆ ಹೋದರೂ ಸಹ. ಹೊಸ ಕೊಟೇಶನ್‌ನ ಮಾದರಿ ಈ ಪತ್ರದ ಜೊತೆಗಿದೆ. ಯಾವ ಸಾಲು ಅರ್ಥವಾಗಲಿಲ್ಲವೋ ಅದರ ಪಕ್ಕ ಗುರುತು ಹಾಕಿ ವಾಪಸ್ ಕಳಿಸಿ.

ಇತಿ,
ಮಾರಾಟ ವಿಭಾಗ