ಉಳಿ ಕೊಳ್ಳುವಾಗ ಬೆನ್ನು ನೋಡಿ

ಮಾನ್ಯರೇ,

ಮನೆಯಲ್ಲೇ ಮರಗೆಲಸ ಮಾಡುವವರಿಗಾಗಿ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನದಲ್ಲಿ ಡ್ರಿಲ್, ಸ್ಯಾಂಡರ್‌ಗಳಿಗೆ ಅರ್ಧ ಪುಟ ಸಿಕ್ಕಿದೆ. ಉಳಿಗೆ ಮಾತ್ರ ‘ಹರಿತವಾದ ಸೆಟ್ ಕೊಳ್ಳಿ’ ಎಂಬ ಒಂದೇ ಸಾಲು. ಅಂಗಡಿಯ ಉಳಿ ಕೆಲಸಕ್ಕೆ ಬೇಕಾದಷ್ಟು ಹರಿತವಾಗಿರುವುದು ಅಪರೂಪ. ಅದಕ್ಕೆ ಬಾಯಿ ಕೊಡುವುದು, ಅಂದರೆ ಕತ್ತರಿಸುವ ಅಂಚನ್ನು ಮಸೆದು ಹರಿತ ಮಾಡುವುದು, ಕೊಂಡವರದೇ ಕೆಲಸ.

ಸೆಟ್ಟೂ ಬೇಡ. 6, 12, 25 ಮಿ.ಮೀ. ಅಗಲದ ಮೂರು ಉಳಿ ಮನೆಗೆ ಧಾರಾಳ ಸಾಕು. ಎರಡೂ ಪಕ್ಕ ಇಳಿಜಾರಾಗಿರುವ ಬೆವೆಲ್ ಎಡ್ಜ್ ಬಗೆಯದಾದರೆ ಇಕ್ಕಟ್ಟಿನ ಮೂಲೆಗೂ ಹೋಗುತ್ತದೆ. ಹಿಡಿಯ ಅಂದಕ್ಕೆ ಮರುಳಾಗದೆ, ಚಪ್ಪಟೆ ಬೆನ್ನಿನ ಮೇಲೆ ಉಕ್ಕಿನ ಸ್ಕೇಲಿನ ಅಂಚು ಇಟ್ಟು ಬೆಳಕಿಗೆ ಹಿಡಿಯಿರಿ. ಬೆನ್ನಿನ ನಡುವೆ ಕೂದಲೆಳೆಯಷ್ಟು ತಗ್ಗಿದ್ದರೆ ಚಿಂತೆಯಿಲ್ಲ. ಬಾಯಿಯ ಹತ್ತಿರ ಉಬ್ಬಿದ್ದರೆ ಆ ಉಳಿ ಬೇಡ, ಅದನ್ನು ಸಮ ಮಾಡುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತದೆ.

ಮಸೆಯುವುದನ್ನು ಬೆನ್ನಿನಿಂದಲೇ ಶುರು ಮಾಡಬೇಕು. ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಅಂಟಿಸಿ, ನೀರು ಚಿಮುಕಿಸಿ, 400, 1000, 2000 ನಂಬರಿನಲ್ಲಿ ಕ್ರಮವಾಗಿ ಬಾಯಿಯಿಂದ 2–3 ಸೆಂ.ಮೀ. ವರೆಗೆ ಹೊಳಪು ಬರುವಂತೆ ಉಜ್ಜಿ. ಇದು ಒಂದೇ ಸಲದ ಕೆಲಸ. ಆಮೇಲೆ ಬೆನ್ನಿನ ಎದುರು ಬದಿಯಲ್ಲಿ ಬಾಯಿಗೆ ಇಳಿಯುವ ಇಳಿಜಾರು: ಮೈ 25 ಡಿಗ್ರಿ, ತುದಿಯ ಸಣ್ಣ ಪಟ್ಟಿ 30 ಡಿಗ್ರಿ. ಕೋನಮಾಪಕ ಇಲ್ಲದಿದ್ದರೆ ಉಳಿಯ ದಪ್ಪ ಅಳೆಯಿರಿ. ದಪ್ಪ 4 ಮಿ.ಮೀ. ಇದ್ದು ಇಳಿಜಾರು ಸುಮಾರು 9.5 ಮಿ.ಮೀ. ಬಂದರೆ ಅದು 25 ಡಿಗ್ರಿ, 8 ಬಂದರೆ 30. ಬೆನ್ನಿನ ಕಡೆ ಬೆರಳಾಡಿಸಿದಾಗ ಬಾಯಿಯ ಉದ್ದಕ್ಕೂ ತಂತಿಯಂಥ ಎಳೆ ತಗುಲುವವರೆಗೆ ಇಳಿಜಾರನ್ನು ಮಸೆದು, ಬೆನ್ನನ್ನು ಅದೇ ವಾಟರ್ ಪೇಪರಿಗೆ ಸಮನಾಗಿ ಮಲಗಿಸಿ ಆ ಎಳೆ ತೆಗೆಯಿರಿ. ದೀಪದ ಕೆಳಗೆ ಬಾಯಿಯನ್ನು ನೇರ ನೋಡಿದಾಗ ಬಿಳಿ ಗೆರೆ ಮಿನುಗಿದರೆ ಅಲ್ಲಿ ಇನ್ನೂ ಮೊಂಡು.

ಬೇಗ ಆಗಲೆಂದು ಕರೆಂಟಿನ ಸಾಣೆಗೆ ಒತ್ತಿ ಹಿಡಿಯುವವರೇ ಹೆಚ್ಚು. ತುದಿ ನೀಲಿಗೆ ತಿರುಗಿತೆಂದರೆ ಉಕ್ಕಿನ ಹದ ಹೋಯಿತು. ಆಮೇಲೆ ನೀರಿಗೆ ಅದ್ದಿದರೂ ಅದು ಬಾರದು, ನೀಲಿಯಾದಷ್ಟನ್ನೂ ತೇಯ್ದು ತೆಗೆಯಬೇಕು. ತೇಗದಲ್ಲಿ ಸಿಲಿಕಾ ಇರುವುದರಿಂದ ಒಳ್ಳೆಯ ಉಳಿಯೂ ಬೇಗ ಮೊಂಡಾಗುತ್ತದೆ. ಅದು ಉಳಿಯ ದೋಷವಲ್ಲ.

ಇನ್ನು ಬಾಗಿಲಿಗೆ ಹಿಂಜ್ ಕೂರಿಸುವುದು. ಎಲ್ಲರೂ ಎಡವುವುದು ಇಲ್ಲೇ. ಗುರುತನ್ನು ಪೆನ್ಸಿಲಿಗಿಂತ ಚಾಕುವಿನಿಂದ ಕೊರೆಯಿರಿ. ಮೊದಲ ಪೆಟ್ಟೇ ಗೆರೆಯ ಮೇಲೆ ಬಿದ್ದರೆ ಇಳಿಜಾರು ಬೆಣೆಯಂತೆ ಒತ್ತಿ ಉಳಿಯನ್ನು ಗೆರೆಯಾಚೆ ತಳ್ಳುತ್ತದೆ. ಹಾಗಾಗಿ 1 ಮಿ.ಮೀ. ಒಳಗೆ ಶುರು ಮಾಡಿ, 3–4 ಮಿ.ಮೀ.ಗೊಂದು ಅಡ್ಡ ಪೆಟ್ಟು ಕೊಟ್ಟು, ಪಕ್ಕದಿಂದ ತೆಳ್ಳಗೆ ಸೀಳಿ ತೆಗೆದು, ಕೊನೆಗೆ ಗೆರೆಗೆ ಬನ್ನಿ. ಆಳ ಹಿಂಜಿನ ತಗಡಿನಷ್ಟೇ ಇರಲಿ. ಹೆಚ್ಚಾದರೆ ಬಾಗಿಲು ಹಿಂಜಿನ ಕಡೆ ಚೌಕಟ್ಟಿಗೆ ಒತ್ತಿ, ಮುಚ್ಚಿದರೂ ಹಿಂದಕ್ಕೆ ಚಿಮ್ಮುತ್ತದೆ. ಆಗ ತಗಡಿನಡಿ ರಟ್ಟಿನ ಚೂರು ಇಡುವುದೇ ದಾರಿ. ಮರದ ಹಿಡಿಗೆ ಮರದ ಕೊಡತಿಯಲ್ಲೇ ಹೊಡೆಯಿರಿ, ಕಬ್ಬಿಣದ ಸುತ್ತಿಗೆಗೆ ಹಿಡಿ ಸೀಳುತ್ತದೆ.

ಲೇಖನದ ಜೊತೆಗಿದ್ದ ಚಿತ್ರದಲ್ಲಿ ಎಡಗೈ ಮರ ಹಿಡಿದು ಉಳಿಯ ಮುಂದೆಯೇ ಇತ್ತು. ದಯವಿಟ್ಟು ಅದನ್ನು ಮತ್ತೆ ಅಚ್ಚು ಹಾಕಬೇಡಿ. ಮರವನ್ನು ಕ್ಲ್ಯಾಂಪ್ ಹಿಡಿಯಬೇಕು, ಎರಡೂ ಕೈ ಬಾಯಿಯ ಹಿಂದಿರಬೇಕು.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಉಳಿಗಳನ್ನು ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮ ತೇವ ಹೀರಿ ತುಕ್ಕು ತರುತ್ತದೆ. ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ, ಬಾಯಿಗೆ ಪ್ಲಾಸ್ಟಿಕ್ ಟೋಪಿ ಹಾಕಿ ಗೋಡೆಗೆ ತೂಗುಹಾಕಿ.

– ಒಬ್ಬ ಓದುಗ, ಸಾಗರ