ಗಂಟೆಯ ಭಾರ, ಗೋಪುರದ ಬಲ

ಸಂಪಾದಕರಿಗೆ,

ಮಾನ್ಯರೇ,

ಕೆನಡಾದ ಹ್ಯಾಲಿಫ್ಯಾಕ್ಸ್ ಸ್ಫೋಟದ ನೆನಪಿಗೆ ಕಟ್ಟಿದ ಚರ್ಚ್ ಕುರಿತು ನಿಮ್ಮಲ್ಲಿ ಬಂದ ಬರಹ ಚೆನ್ನಾಗಿತ್ತು. ಆದರೆ ಅಲ್ಲಿನ ಗಂಟೆಗಳನ್ನು ಚರ್ಚಿನಿಂದ ಯಾಕೆ ಇಳಿಸಬೇಕಾಯಿತು ಎಂಬುದನ್ನು ಅದು ಮುಟ್ಟಿಲ್ಲ. ಸ್ಮಾರಕ ಕಟ್ಟುವವರಿಗೆಲ್ಲ ಅದು ತಿಳಿದಿರಲೇಬೇಕು.

1917ರ ಡಿಸೆಂಬರ್ 6ರ ಬೆಳಿಗ್ಗೆ ಸ್ಫೋಟಕ ತುಂಬಿದ್ದ ಫ್ರಾನ್ಸಿನ 'ಮಾಂಟ್ ಬ್ಲಾಂಕ್' ಹಡಗಿಗೂ ನಾರ್ವೆಯ 'ಇಮೋ'ಗೂ ಡಿಕ್ಕಿಯಾಯಿತು. ಬೆಂಕಿ ಹೊತ್ತಿಕೊಂಡು 9 ಗಂಟೆ 4 ನಿಮಿಷಕ್ಕೆ 'ಮಾಂಟ್ ಬ್ಲಾಂಕ್' ಸಿಡಿಯಿತು. ಸುಮಾರು 2,000 ಜನ ಸತ್ತರು, 9,000 ಜನ ಗಾಯಗೊಂಡರು. ರಿಚ್‌ಮಂಡ್ ಬಡಾವಣೆಯ ಗ್ರೋವ್ ಪ್ರೆಸ್ಬಿಟೇರಿಯನ್ ಮತ್ತು ಕೇ ಸ್ಟ್ರೀಟ್ ಮೆಥಡಿಸ್ಟ್ ಚರ್ಚುಗಳು ನೆಲಸಮವಾದವು. ಎರಡೂ ಚರ್ಚುಗಳ ಭಕ್ತರು ಒಂದಾಗಿ ಕಟ್ಟಿದ್ದೇ ಯುನೈಟೆಡ್ ಮೆಮೋರಿಯಲ್ ಚರ್ಚ್. ಹೆತ್ತವರನ್ನೂ ಐವರು ಒಡಹುಟ್ಟಿದವರನ್ನೂ ಕಳೆದುಕೊಂಡು ಒಬ್ಬಳೇ ಉಳಿದ ಬಾರ್ಬರಾ ಆರ್, ಅವರ ನೆನಪಿಗೆ ಈ ಚರ್ಚಿಗೆ ಗಂಟೆಗಳನ್ನು ಕೊಟ್ಟಳು. ಕಾಲಕ್ರಮದಲ್ಲಿ ಅವುಗಳ ಭಾರ ಗೋಪುರಕ್ಕೆ ಹೆಚ್ಚಾಯಿತು. ಕೆಳಗಿಳಿಸಿದ ಗಂಟೆಗಳಿಗೆ ಮತ್ತೆ ನೆಲೆ ಸಿಕ್ಕಿದ್ದು 1985ರಲ್ಲಿ, ಫೋರ್ಟ್ ನೀಡಮ್ ಗುಡ್ಡದ ಹೊಸ ಗೋಪುರದಲ್ಲಿ. ಅದರ ನಡುವಿನ ತೆರವು ಸ್ಫೋಟ ನಡೆದ ಕಡೆಗೇ ಮುಖ ಮಾಡಿದೆ.

ಗಂಟೆ ದಾನ ಕೊಡುವವರು ತೂಕವಷ್ಟೇ ಕೇಳುತ್ತಾರೆ. ಬಾರಿಸುವ ಬಗೆಯನ್ನೂ ಕೇಳಬೇಕು. ಗಂಟೆಯನ್ನು ಕದಲದಂತೆ ಕಟ್ಟಿ ನಾಲಿಗೆಯನ್ನಷ್ಟೇ ಆಡಿಸಿದರೆ ಗೋಪುರಕ್ಕೆ ಬೀಳುವುದು ಬಹುಪಾಲು ಗಂಟೆಯ ತೂಕವೇ. ಗಂಟೆಯನ್ನೇ ಪೂರ್ತಿ ಸುತ್ತು ತಿರುಗಿಸಿ ಬಾರಿಸಿದರೆ ಕೆಳಮುಖದ ಒತ್ತಡ ತೂಕದ ಸುಮಾರು 4 ಪಟ್ಟು, ಅಡ್ಡದ ನೂಕು ಸುಮಾರು 2 ಪಟ್ಟು ಆಗುತ್ತದೆ. ಇಟ್ಟಿಗೆ, ಕಲ್ಲಿನ ಗೋಡೆ ಸಹಿಸದಿರುವುದು ಈ ಅಡ್ಡ ನೂಕನ್ನು. ಬಿರುಕು ಮೊದಲು ಕಿಟಕಿಯ ಕಮಾನಿನ ಮೇಲೋ ತೊಲೆ ಕೂತ ಕಡೆಯಲ್ಲೋ ಕಾಣುತ್ತದೆ. ಅದಕ್ಕೆ ಗಾರೆ ಮೆತ್ತಿ ಸುಮ್ಮನಾಗುವುದು ಅಪಾಯ.

ಗಂಟೆಯ ಕಂಚಿನಲ್ಲಿ ಸುಮಾರು 78 ಭಾಗ ತಾಮ್ರ, 22 ಭಾಗ ತವರ. ಇಷ್ಟು ತವರ ಸೇರಿದ್ದರಿಂದಲೇ ನಾದ, ಅದರಿಂದಲೇ ಗಡಸು, ಸೀಳುವ ಗುಣವೂ. ನಾಲಿಗೆ ವರ್ಷಗಟ್ಟಲೆ ಒಂದೇ ಜಾಗಕ್ಕೆ ಬಡಿದರೆ ಅಲ್ಲಿ ಕಂಚು ತಗ್ಗಾಗುತ್ತದೆ. ಆಗ ಗಂಟೆಯನ್ನು ಕಾಲು ಸುತ್ತು ತಿರುಗಿಸಿ ಕಟ್ಟಬೇಕು. ಹಳೆಯ ಗಂಟೆಗಳ ನೆತ್ತಿಯಲ್ಲಿ ಎರಕದ ಜೊತೆಗೇ ಸೇರಿಸಿದ ಕಬ್ಬಿಣದ ಕೊಂಡಿ ಇರುತ್ತದೆ. ಅದು ತುಕ್ಕು ಹಿಡಿದು ಉಬ್ಬಿ ಕಂಚನ್ನು ಒಳಗಿನಿಂದ ಸೀಳುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದಾಗ ನಾದ ಬೇಗ ಸತ್ತರೆ, ಕರಕರ ಎಂದರೆ, ಬಾರಿಸುವುದನ್ನು ಅಂದೇ ನಿಲ್ಲಿಸಿ ಪರಿಣತರನ್ನು ಕರೆಸಿ.

ಹಸಿರು ಕಟ್ಟಿದ ಗಂಟೆಯನ್ನು ಆಮ್ಲ ಹಾಕಿ ಉಜ್ಜುವುದನ್ನಂತೂ ದಯವಿಟ್ಟು ಯಾರೂ ಮಾಡಬಾರದು. ಆ ಪದರವೇ ಕಂಚನ್ನು ಕಾಯುತ್ತದೆ. ಉಜ್ಜಿದಷ್ಟೂ ಸವೆಯುವುದು ಸತ್ತವರ ಹೆಸರಿನ ಅಕ್ಷರಗಳು. ಹಕ್ಕಿ ಹಿಕ್ಕೆ ತೆಗೆಯಲು ನೀರು, ಮೆತ್ತನೆಯ ಬ್ರಷ್ ಸಾಕು.

ದಾನಪತ್ರ ಬರೆಯುವಾಗಲೇ ಗೋಪುರದ ಭಾರದ ಲೆಕ್ಕ, ವರ್ಷಕ್ಕೊಮ್ಮೆ ಬೋಲ್ಟು, ತೊಲೆ, ನಾಲಿಗೆ ನೋಡುವವರು ಯಾರು, ಆ ಖರ್ಚು ಎಲ್ಲಿಂದ ಎಂಬ ಮೂರನ್ನೂ ಸೇರಿಸಿದರೆ ಗಂಟೆಯನ್ನು ಮುಂದೆ ಕೆಳಗಿಳಿಸುವ ಪ್ರಸಂಗ ಬರದು.

ಇಂತಿ,
ಸ್ಮಾರಕ ಸಂರಕ್ಷಣೆಯಲ್ಲಿ ತೊಡಗಿರುವ ಓದುಗರು