ಗೇಟು ಹತ್ತಕ್ಕೆ, ಲಾರಿ ಎರಡಕ್ಕೆ

ಮಾನ್ಯ ಸಂಪಾದಕರೆ,

ಮನೆಯಿಲ್ಲದವರಿಗಾಗಿ ಇರುವ ರಾತ್ರಿ ತಂಗುದಾಣಗಳಲ್ಲಿ ಹಾಸಿಗೆ ಖಾಲಿ ಇದ್ದರೂ ಜನ ಫುಟ್‌ಪಾತ್‌ನಲ್ಲೇ ಮಲಗುತ್ತಿದ್ದಾರೆ ಎಂಬ ನಿಮ್ಮ ಪತ್ರಿಕೆಯ ಸುದ್ದಿ ಓದಿದೆ. ‘ಎಷ್ಟು ಕರೆದರೂ ಬರುವುದಿಲ್ಲ, ಒಳಗೆ ಕುಡಿಯಲು ಬಿಡುವುದಿಲ್ಲವಲ್ಲ, ಅದಕ್ಕೆ’ ಎಂದು ಅಧಿಕಾರಿಯೊಬ್ಬರು ಅದರಲ್ಲಿ ಹೇಳಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಹನ್ನೊಂದು ವರ್ಷ ನಾನೂ ಇದನ್ನೇ ಬರೆದವಳು. ನಮ್ಮ ತಿಂಗಳ ವರದಿಯಲ್ಲಿ ‘ಬರಲು ನಿರಾಕರಿಸಿದ ಕಾರಣ’ ಎಂಬ ಕಾಲಂ ಇರುತ್ತದೆ. ಅದರಲ್ಲಿ ‘ಮದ್ಯವ್ಯಸನ’ ಎಂದು ಬರೆದು, ಕೆಳಗಿನ ಸಾಲುಗಳಿಗೆ ‘ಅದೇ’, ‘ಅದೇ’ ಎಂದು ಎಳೆದು, ಸಹಿ ಹಾಕಿ ಕಳಿಸುತ್ತಿದ್ದೆ.

ನಾನು ಸಮಾಜ ಕಾರ್ಯಕರ್ತೆ. ಕೈಮುಗಿದು ಫ್ಲೆಕ್ಸ್‌ಗಳಲ್ಲಿ ನಿಂತಿರುವ ‘ಸಮಾಜ ಸೇವಕರ’ ಪೈಕಿ ಅಲ್ಲ. ಜ್ಞಾನಭಾರತಿಯಲ್ಲಿ ಎರಡು ವರ್ಷ ಎಂ.ಎಸ್.ಡಬ್ಲ್ಯು. (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಓದಿ, ಸಂಬಳಕ್ಕೆ ಈ ಕೆಲಸ ಮಾಡುವವಳು. ವ್ಯತ್ಯಾಸವನ್ನು ನಮ್ಮ ಮನೆಯವರಿಗೇ ಇನ್ನೂ ಪೂರ್ತಿ ಅರ್ಥ ಮಾಡಿಸಲಾಗಿಲ್ಲ. ಕೆ.ಆರ್. ಮಾರುಕಟ್ಟೆಯ ಆಸುಪಾಸಿನಲ್ಲಿ ಗಂಡಸರಿಗಾಗಿ ಇರುವ ಒಂದು ರಾತ್ರಿ ತಂಗುದಾಣವನ್ನು ಪುಟ್ಟ ಸಂಸ್ಥೆಯೊಂದು ನಡೆಸುತ್ತದೆ. ಅಲ್ಲಿ ನನ್ನ ಕೆಲಸ.

ನಾಲ್ಕು ವರ್ಷದ ಹಿಂದಿನ ಮಾತು. ಮಳೆ ಹಿಡಿದಿತ್ತು. ಕಲಾಸಿಪಾಳ್ಯದ ಕಡೆ ಅಂಗಡಿಯೊಂದರ ಸಜ್ಜದ ಕೆಳಗೆ ಕುಕ್ಕರಗಾಲಿನಲ್ಲಿ ಕೂತಿದ್ದ ವಯಸ್ಸಾದ ಹಮಾಲಿಯೊಬ್ಬರನ್ನು ‘ಬನ್ನಿ ತಾತ, ಒಳಗೆ ಬೆಚ್ಚಗೆ ಮಲಗಿ’ ಎಂದು ಕರೆದೆ. ಅವರು ನನ್ನ ಮುಖ ನೋಡಿ, ‘ಗೇಟು ಹತ್ತಕ್ಕೆ ಹಾಕ್ತೀಯ ಕಣಮ್ಮ. ಮಾಲೂರಿನ ಲಾರಿ ಎರಡಕ್ಕೆ ಬರುತ್ತೆ. ಆವಾಗ ಎದ್ದು ಬಾಗಿಲು ತೆಗೀತೀಯಾ?’ ಎಂದರು. ತೆಗೆಯುತ್ತಿರಲಿಲ್ಲ. ನಮ್ಮ ಗೇಟು ತೆಗೆಯುತ್ತಿದ್ದುದು ಬೆಳಿಗ್ಗೆ ಆರಕ್ಕೆ. ಆರು ಗಂಟೆಗೆ ಮಾರುಕಟ್ಟೆಯಲ್ಲಿ ಹೊರುವ ಕೆಲಸ ಮುಕ್ಕಾಲು ಪಾಲು ಮುಗಿದಿರುತ್ತದೆ. ನಮ್ಮಲ್ಲಿ ನಿದ್ದೆ ಮಾಡಿದರೆ ಅವರ ಆ ದಿನದ ಕೂಲಿ ಹೋಯಿತು.

ಮರುದಿನ ಇನ್ನೂರು ಪುಟದ ಉದ್ದ ನೋಟ್‌ಬುಕ್ ಕೊಂಡು ಮೂರು ಗೆರೆ ಎಳೆದೆ: ಕೆಲಸ ಏನು, ಯಾವ ಹೊತ್ತಿಗೆ, ಜೊತೆಗೇನಿದೆ. ಮೂರನೆಯದನ್ನು ಏಕೆ ಹಾಕಿದೆನೋ ಆಗ ಗೊತ್ತಿರಲಿಲ್ಲ. ಕೊನೆಗೆ ಹೆಚ್ಚು ಹೇಳಿದ್ದು ಅದೇ. ಮದುವೆ ಛತ್ರಗಳಲ್ಲಿ ಬಡಿಸುವ ಹುಡುಗರು ಪಾತ್ರೆ ತೊಳೆದು ಹೊರಡುವಾಗ ನಡುರಾತ್ರಿ. ಅವರ ಕೈಯಲ್ಲಿ ಉಳಿದ ಊಟದ ಕವರು ಇರುತ್ತದೆ, ನಮ್ಮಲ್ಲಿ ಹೊರಗಿನ ಊಟ ತರುವ ಹಾಗಿಲ್ಲ. ಚಿಂದಿ ಆಯುವವರ ಹತ್ತಿರ ಮೂಟೆ, ಅದೇ ಅವರ ನಾಳೆಯ ದುಡ್ಡು, ಅದನ್ನೂ ಒಳಗೆ ಬಿಡುವುದಿಲ್ಲ. ತಳ್ಳುಗಾಡಿಯವರು ಗಾಡಿಯ ಮೇಲೇ ಮಲಗುತ್ತಾರೆ. ಗಾಡಿ ಬಾಡಿಗೆಯದು, ಕಳೆದರೆ ಕಟ್ಟಿಕೊಡಬೇಕು. ಒಬ್ಬನ ಜೊತೆ ನಾಯಿ ಇತ್ತು. ಇನ್ನೊಬ್ಬನ ಜೊತೆ ಹೆಂಡತಿ. ಕುಡಿಯುವವರು ಇಲ್ಲವೆಂದಲ್ಲ, ಇದ್ದಾರೆ. ಆದರೆ ಹನ್ನೊಂದು ವರ್ಷ ಎಲ್ಲರ ಮುಂದೆಯೂ ನಾನು ಬರೆದ ‘ಅದೇ’ ಸುಳ್ಳಾಗಿತ್ತು.

ಆ ನೋಟ್‌ಬುಕ್ ಹಿಡಿದು ತಂಗುದಾಣಗಳ ನಿಯಮಗಳನ್ನು ಓದುತ್ತಾ ಹೋದಾಗಲೇ ಇನ್ನೊಂದು ತಿಳಿಯಿತು. ನಗರದ ಪ್ರತಿ ಲಕ್ಷ ಜನಸಂಖ್ಯೆಗೆ ಒಂದು ತಂಗುದಾಣ ಬೇಕು, ಅದು ವರ್ಷಪೂರ್ತಿ, ದಿನದ 24 ಗಂಟೆಯೂ ತೆರೆದಿರಬೇಕು ಎಂಬುದು ಸುಪ್ರೀಂ ಕೋರ್ಟ್‌ನ ಆದೇಶಗಳಿಂದ ಬಂದ ಮಾನದಂಡ. 2011ರ ಜನಗಣತಿಯಲ್ಲಿ ಬೆಂಗಳೂರು ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ ದಾಟಿತ್ತು. ಎಷ್ಟು ತಂಗುದಾಣ ಬೇಕೆಂದು ಓದುಗರೇ ಲೆಕ್ಕ ಹಾಕಲಿ. ನಾನು ಹೇಳಹೊರಟಿದ್ದು ಗೇಟಿನ ಬಗ್ಗೆ. ಹತ್ತಕ್ಕೆ ಬೀಗ ಎನ್ನುವುದು ಕಾನೂನೇ ಅಲ್ಲ, ಹಾಸ್ಟೆಲ್‌ಗಳಿಂದ ನಮ್ಮ ತಲೆಗೆ ಹತ್ತಿದ ಅಭ್ಯಾಸ.

ಇಷ್ಟು ಹೇಳಿದ್ದು ನನ್ನ ಬುದ್ಧಿವಂತಿಕೆ ಮೆರೆಯಲಿಕ್ಕಲ್ಲ. ಈ ಪ್ರಶ್ನೆಯನ್ನು ಸರಿಯಾಗಿ ಬೆನ್ನು ಹತ್ತಲು ಒಂದಿಷ್ಟು ದುಡ್ಡು ಬೇಕೆಂದು ನಾನು ಎರಡು ವರ್ಷ ಅಲೆದೆ. ಅದನ್ನು ಬರೆಯಬೇಕಿತ್ತು.

ಸಮಾಜ ವಿಜ್ಞಾನದ ಸಂಶೋಧನೆಗೆ ದುಡ್ಡು ಕೊಡಲೆಂದೇ 1969ರಲ್ಲಿ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು ಹುಟ್ಟಿತು. ಆದರೆ ಅದರ ಯೋಜನೆಗಳು ಮುಖ್ಯವಾಗಿ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳ ಕಾಯಂ ಅಧ್ಯಾಪಕರಿಗೆ. ಪಿಎಚ್.ಡಿ. ಇಲ್ಲದ, ಗುತ್ತಿಗೆಯ ಮೇಲೆ ದುಡಿಯುವ ನನ್ನಂಥವಳಿಗೆ ಅರ್ಜಿಯ ಮೊದಲ ಪುಟ ದಾಟುವುದೇ ಆಗಲಿಲ್ಲ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ದುಡ್ಡಿನ ಕಡೆ ಹೋದೆ. ಐ.ಟಿ. ಕಂಪನಿಗಳ ಈ ಊರಿನಲ್ಲಿ ಅದಕ್ಕೇನು ಕೊರತೆ ಎಂದುಕೊಂಡಿದ್ದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2 ಶೇಕಡವನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಯಾವುದಕ್ಕೆ ಎಂದು ಅದೇ ಕಾಯ್ದೆಯ ಏಳನೇ ಅನುಸೂಚಿಯಲ್ಲಿದೆ. ಅಲ್ಲಿ ಸಂಶೋಧನೆಗೂ ಜಾಗವಿದೆ, ಆದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯ ಎಂದು ಹೆಸರು ಹಿಡಿದು ಬರೆದಿದ್ದಾರೆ. ಮನುಷ್ಯ ಏಕೆ ಫುಟ್‌ಪಾತ್‌ನಲ್ಲಿ ಮಲಗುತ್ತಾನೆ ಎಂಬುದು ಈ ನಾಲ್ಕರಲ್ಲಿ ಯಾವುದಕ್ಕೂ ಸೇರುವುದಿಲ್ಲ. ‘ಕಂಬಳಿ ಬೇಕಾದರೆ ಕೊಡುತ್ತೇವೆ ಮೇಡಂ, ಐನೂರು ಕಂಬಳಿ, ಹಂಚುವಾಗ ನಮ್ಮವರೂ ಬರುತ್ತಾರೆ’ ಎಂದರು ಒಬ್ಬರು. ಬಂದರು, ಫೋಟೊ ತೆಗೆಸಿಕೊಂಡರು. ಒಳ್ಳೆಯ ಕಂಬಳಿಗಳೇ.

ತಮಾಷೆಯೆಂದರೆ, ಅಳೆಯಲು ದುಡ್ಡಿದೆ. ವರ್ಷಕ್ಕೆ 10 ಕೋಟಿ ಅಥವಾ ಹೆಚ್ಚು ಸಿಎಸ್‌ಆರ್ ಹೊಣೆ ಇರುವ ಕಂಪನಿಗಳು 1 ಕೋಟಿ ಅಥವಾ ಅದಕ್ಕೂ ದೊಡ್ಡ ಯೋಜನೆಗಳ ಪರಿಣಾಮವನ್ನು ಸ್ವತಂತ್ರ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು. ಅದಕ್ಕೆ 50 ಲಕ್ಷ ರೂಪಾಯಿ ಅಥವಾ ಸಿಎಸ್‌ಆರ್ ವೆಚ್ಚದ 2 ಶೇಕಡ, ಎರಡರಲ್ಲಿ ಯಾವುದು ಹೆಚ್ಚೋ ಅಲ್ಲಿಯವರೆಗೆ ಲೆಕ್ಕದಲ್ಲಿ ತೋರಿಸಬಹುದು. ಅಂಥದೇ ಒಂದು ಮೌಲ್ಯಮಾಪನಕ್ಕೆ ನಮ್ಮಲ್ಲಿಗೂ ಇಬ್ಬರು ಹುಡುಗರು ಟ್ಯಾಬ್ ಹಿಡಿದು ಬಂದಿದ್ದರು. ಮಧ್ಯಾಹ್ನ ಮೂರು ಗಂಟೆಗೆ. ಆ ಹೊತ್ತಿನಲ್ಲಿ ರಾತ್ರಿ ತಂಗುದಾಣದಲ್ಲಿ ಯಾರಿರುತ್ತಾರೆ? ಅಡುಗೆಯವರನ್ನೂ ಕಾವಲುಗಾರನನ್ನೂ ಕೂರಿಸಿ ನಲವತ್ತು ಪ್ರಶ್ನೆ ಕೇಳಿ, ಟೀ ಕುಡಿದು ಹೋದರು. ‘ಫಲಾನುಭವಿಗಳು ತೃಪ್ತರಾಗಿದ್ದಾರೆ’ ಎಂದು ವರದಿ ಬಂತು. ನಮ್ಮ ಅಡುಗೆಯವರು ತೃಪ್ತರೇ, ಸುಳ್ಳಲ್ಲ.

ಇನ್ನು ವಿಶ್ವವಿದ್ಯಾಲಯದವರು. ಪಿಎಚ್.ಡಿ. ಮಾಡುತ್ತಿದ್ದ ಹುಡುಗಿಯೊಬ್ಬಳು ಬಂದಿದ್ದಳು, ಒಳ್ಳೆಯವಳು, ನಮ್ಮ ಜೊತೆ ಎರಡು ರಾತ್ರಿ ಸುತ್ತಿದಳು. ನನ್ನ ನೋಟ್‌ಬುಕ್ ಜೆರಾಕ್ಸ್ ಮಾಡಿಸಿಕೊಂಡಳು. ಅದು ಇಂಗ್ಲಿಷಿನ ಜರ್ನಲ್ ಒಂದರಲ್ಲಿ ಲೇಖನವಾಗಿ ಬಂತು. ಕೊನೆಯಲ್ಲಿ ‘ಕ್ಷೇತ್ರ ಕಾರ್ಯಕರ್ತರಿಗೆ ಕೃತಜ್ಞತೆಗಳು’ ಎಂದಿದೆಯಂತೆ. ಅಂತೆ ಎನ್ನುವುದೇಕೆಂದರೆ, ಆ ಲೇಖನ ಓದಲು ಡಾಲರ್‌ನಲ್ಲಿ ದುಡ್ಡು ಕಟ್ಟಬೇಕು. ಅವಳನ್ನು ದೂರುವುದಿಲ್ಲ, ವ್ಯವಸ್ಥೆ ಅವಳಿಗೆ ಕಲಿಸಿದ್ದೇ ಹಾಗೆ. ಗೇಟಿನ ವಿಷಯ ಅದರಲ್ಲಿ ಒಂದು ಸಾಲಾಗಿ ಬಂದಿದೆ ಎಂದು ಅವಳೇ ಫೋನಿನಲ್ಲಿ ಹೇಳಿದಳು. ನನಗೆ ಅದು ಇಡೀ ಪ್ರಶ್ನೆ.

ಕೆಲಸ ಮಾಡುವವರೇ ಕೇಳಿದ ಪ್ರಶ್ನೆಗಳಿಂದ ದೊಡ್ಡದು ಹುಟ್ಟಿಲ್ಲವೇ? ನಮ್ಮೂರಿನ ಉದಾಹರಣೆಯೇ ಇದೆ. ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ನಿಮ್ಹಾನ್ಸ್‌ನವರು 1976ರಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆದು, ಹಳ್ಳಿಯ ಆರೋಗ್ಯ ಸಿಬ್ಬಂದಿಗೇ ಮಾನಸಿಕ ಕಾಯಿಲೆ ಗುರುತಿಸಲು ಕಲಿಸಬಹುದೇ ಎಂದು ಪ್ರಯೋಗ ಮಾಡಿ ನೋಡಿದರು. 1985ರಿಂದ ಅದನ್ನು ಬಳ್ಳಾರಿ ಜಿಲ್ಲೆಯಲ್ಲಿ ದೊಡ್ಡದಾಗಿ ಮಾಡಿದರು. 1996ರಲ್ಲಿ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಆ ಬಳ್ಳಾರಿ. ಅದೇ 1996ರಲ್ಲಿ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಕ್ಷೇತ್ರ ಪ್ರಯೋಗವಾಗಿ, ಬೀದಿ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದವರಿಂದ ಶುರುವಾದದ್ದು 1098, ಮಕ್ಕಳ ಸಹಾಯವಾಣಿ. ಈ ಎರಡಕ್ಕೂ ಬೆನ್ನಿಗೆ ದೊಡ್ಡ ಸಂಸ್ಥೆಗಳಿದ್ದವು ಎಂಬುದನ್ನು ಮರೆಯುವಂತಿಲ್ಲ. ಬೆನ್ನಿಗೆ ಯಾರೂ ಇಲ್ಲದವರ ಪ್ರಶ್ನೆ ನೋಟ್‌ಬುಕ್‌ನಲ್ಲೇ ಉಳಿಯುತ್ತದೆ.

ನನ್ನ ಜೊತೆ ಓದಿದವಳೊಬ್ಬಳು ಈಗ ಇಂಗ್ಲೆಂಡಿನಲ್ಲಿ ಸೋಷಿಯಲ್ ವರ್ಕರ್. ಅಲ್ಲಿ ಸರ್ಕಾರದ ದುಡ್ಡಿನಿಂದ ನಡೆಯುವ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಸಂಸ್ಥೆ 2022ರಲ್ಲಿ ತನ್ನ ಹೆಸರಿಗೆ ‘ಆರೈಕೆ’ ಎಂಬ ಮಾತನ್ನೂ ಸೇರಿಸಿಕೊಂಡಿತು, ಸ್ಥಳೀಯ ಆಡಳಿತದಲ್ಲಿ ಕೆಲಸ ಮಾಡುವವರಿಗೂ ಸಂಶೋಧನಾ ಫೆಲೋಶಿಪ್ ಇದೆ ಎಂದಳು. ಅಲ್ಲಿಯೂ ಡಾಕ್ಟರುಗಳ ಸಂಶೋಧನೆಗೆ ಹರಿಯುವ ದುಡ್ಡಿನ ಮುಂದೆ ನಮ್ಮವರದು ಚಿಲ್ಲರೆ ಎಂದೂ ಗೊಣಗಿದಳು. ಚಿಲ್ಲರೆಯಾದರೂ ಸಿಗಲಿ ಎಂದೆ ನಾನು.

ಏಕೆಂದರೆ ನಾನು ಕೇಳುತ್ತಿರುವುದೂ ಚಿಲ್ಲರೆಯೇ. ಕೂತು ಲೆಕ್ಕ ಹಾಕಿದ್ದೇನೆ. ಆರು ತಿಂಗಳು, ವಾರಕ್ಕೆ ಎರಡು ರಾತ್ರಿ ನನ್ನ ಜಾಗಕ್ಕೆ ಬದಲಿ ಒಬ್ಬರು. ನಡುರಾತ್ರಿಯ ಆಟೊ ಖರ್ಚು. ನಮ್ಮ ಜೊತೆ ಕೂತು ಮಾತಾಡಿದವರಿಗೆ ಅಷ್ಟು ಹೊತ್ತಿನ ಕೂಲಿ, ಯಾಕೆಂದರೆ ಅವರ ಸಮಯ ಪುಕ್ಕಟೆ ಅಲ್ಲ. ಅಂಕಿ ಅಂಶ ಬಲ್ಲವರೊಬ್ಬರ ನೆರವು. ಕೊನೆಗೆ ಕನ್ನಡದಲ್ಲಿ ಒಂದು ಪುಸ್ತಿಕೆ, ಉಳಿದ ತಂಗುದಾಣದವರು ಓದುವ ಹಾಗೆ. ಎಲ್ಲ ಸೇರಿ ಒಂದೂವರೆ ಲಕ್ಷ ದಾಟುವುದಿಲ್ಲ.

ದುಡ್ಡಿನ ಮೂಲವನ್ನೂ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. ಸೆಸ್‌ಗಳ ಲೆಕ್ಕದಲ್ಲಿ ಭಿಕ್ಷುಕರ ಸೆಸ್ ಎಂದು 3 ಶೇಕಡ ಇರುತ್ತದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಅಡಿ ವಸೂಲಾಗುವ ದುಡ್ಡು ಅದು. ಮಾರುಕಟ್ಟೆಯಲ್ಲಿ ಮೂಟೆ ಹೊರುವವರು ಭಿಕ್ಷುಕರಲ್ಲ, ಒಪ್ಪುತ್ತೇನೆ. ಆದರೆ ರಸ್ತೆಯಲ್ಲಿ ಮಲಗಿದವರ ಪೈಕಿ ಯಾರು ದುಡಿಯುವವರು, ಯಾರು ಬೇಡುವವರು, ನಿನ್ನೆ ದುಡಿಯುತ್ತಿದ್ದವರು ಇವತ್ತು ಏಕೆ ಬೇಡುತ್ತಿದ್ದಾರೆ ಎಂದು ತಿಳಿಯುವುದಕ್ಕೆ ಆ ಸೆಸ್‌ನ ಒಂದು ಚೂರು ಖರ್ಚಾದರೆ ತಪ್ಪೇನು? ನಿಯಮ ಅಡ್ಡ ಬಂದರೆ ಸರ್ಕಾರ ನಿಯಮ ತಿದ್ದಲಿ. ಅರ್ಜಿ ಕನ್ನಡದಲ್ಲಿರಲಿ, ಎರಡು ಪುಟವಿರಲಿ, ಪಿಎಚ್.ಡಿ. ಕೇಳದಿರಲಿ. ಪ್ರಶ್ನೆ ಕೆಲಸಗಾರರದ್ದಾಗಿರಲಿ, ಬಂದ ಉತ್ತರದ ಮೇಲೆ ಅವರ ಹೆಸರಿರಲಿ.

ಈ ಮಾತಿಗೆ ಬರುವ ಆಕ್ಷೇಪವೂ ನನಗೆ ಗೊತ್ತು. ತನ್ನ ಕೆಲಸವನ್ನು ತಾನೇ ಪರೀಕ್ಷೆ ಮಾಡಿಕೊಂಡರೆ ಯಾರು ತಾನೆ ಫೇಲಾಗುತ್ತಾರೆ? ನ್ಯಾಯವಾದ ಪ್ರಶ್ನೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಹಾಸಿಗೆ ಕೊಡುವವಳೂ ನಾನೇ, ಪ್ರಶ್ನೆ ಕೇಳುವವಳೂ ನಾನೇ ಆದರೆ, ಎದುರಿಗೆ ಕೂತವನು ನನಗೆ ಹಿತವಾದದ್ದನ್ನೇ ಹೇಳುತ್ತಾನೆ. ಮೊದಲ ಮೂವತ್ತು ಪುಟಗಳಲ್ಲಿ ಇದು ಎದ್ದು ಕಾಣುತ್ತದೆ, ಎಲ್ಲರೂ ‘ನಿಮ್ಮ ಊಟ ಚೆನ್ನಾಗಿದೆ ಮೇಡಂ’ ಎಂದಿದ್ದಾರೆ. ಹಾಗಾಗಿ ಹೊರಗಿನವರು ಬೇಕೇ ಬೇಕು. ನಾಗರಬಾವಿಯಲ್ಲಿ 1972ರಲ್ಲಿ ಹುಟ್ಟಿದ ಸಮಾಜ ವಿಜ್ಞಾನ ಸಂಶೋಧನಾ ಸಂಸ್ಥೆ ಐಸೆಕ್ ಇದೆ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್‌ನ ಮನೋವೈದ್ಯಕೀಯ ಸಮಾಜ ಕಾರ್ಯ ವಿಭಾಗ ಇದೆ, ಊರ ತುಂಬ ಎಂ.ಎಸ್.ಡಬ್ಲ್ಯು. ಕಾಲೇಜುಗಳಿವೆ. ಹೇಗೆ ಕೇಳಬೇಕು, ಯಾರ ಒಪ್ಪಿಗೆ ಹೇಗೆ ಪಡೆಯಬೇಕು, ಹೆಸರು ಹೇಗೆ ಮರೆಮಾಡಬೇಕು ಎಂದು ಕಲಿಸಲಿ, ನಾವು ತಪ್ಪಿದಲ್ಲಿ ಕಿವಿ ಹಿಂಡಲಿ. ನಮ್ಮ ಪಕ್ಕ ಕೂರಲಿ. ನಮ್ಮ ಕುರ್ಚಿಯಲ್ಲಿ ಮಾತ್ರ ಕೂರುವುದು ಬೇಡ.

ಗೇಟು ಏನಾಯಿತು ಎಂದು ಕೇಳುವವರಿಗೆ: ನಮ್ಮ ಮೇಲಿನವರು ಮೊದಲು ಒಪ್ಪಲಿಲ್ಲ. ಕಾವಲುಗಾರನೇ ‘ನಾನು ಹೇಗೂ ಎದ್ದಿರುತ್ತೇನೆ’ ಎಂದ ಮೇಲೆ ಒಂದು ತಿಂಗಳ ಮಟ್ಟಿಗೆ ಎರಡು ಗಂಟೆಗೆ ತೆಗೆದು ನೋಡಿದೆವು. ಹಮಾಲಿಗಳು ಕೆಲವರು ಬಂದರು, ಆ ತಾತನೂ ಬಂದರು. ಛತ್ರದ ಹುಡುಗರು ಬರಲಿಲ್ಲ. ಮೂಟೆಯವರಿಗೆ ಬೀಗ ಹಾಕುವ ಜಾಗ ಕೊಡಲು ನಮ್ಮಿಂದ ಆಗಲಿಲ್ಲ, ಅವರೂ ಬರಲಿಲ್ಲ. ಎದ್ದು ಹೋಗುವವರ ಸದ್ದಿಗೆ ನಿದ್ದೆ ಕೆಡುತ್ತದೆಂದು ಹಳಬರು ಜಗಳ ತೆಗೆದರು. ತಿಂಗಳು ಮುಗಿದ ಮೇಲೆ ಮತ್ತೆ ಹತ್ತಕ್ಕೇ ಬೀಗ. ಫಲ ಕಂಡಿತೋ ಇಲ್ಲವೋ ಎಂದು ಹೇಳಲು ಒಂದು ತಿಂಗಳು ಸಾಲದು ಎಂಬುದಷ್ಟೇ ನನಗೆ ಖಚಿತವಾದದ್ದು.

ಈಗ ಮೂರನೇ ನೋಟ್‌ಬುಕ್ ನಡೆಯುತ್ತಿದೆ. ಅದರಲ್ಲಿ ಹೆಂಗಸರ ಬಗ್ಗೆ ಇರುವುದು ಎರಡೇ ಪುಟ. ಅವರು ಬೆಳಕಿರುವ ಫುಟ್‌ಪಾತ್‌ನಲ್ಲಿ ಸಾಲಾಗಿ ಮಲಗುವುದಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ರೋಗಿಯ ಕಡೆಯವರಂತೆ, ಬಸ್ ನಿಲ್ದಾಣದಲ್ಲಿ ಊರಿಗೆ ಹೊರಟವರಂತೆ, ಮಡಿಲಲ್ಲಿ ಬ್ಯಾಗ್ ಇಟ್ಟುಕೊಂಡು ಕೂತೇ ರಾತ್ರಿ ಕಳೆಯುತ್ತಾರೆ. ತಲೆ ಎಣಿಸಲು ಹೋದವರ ಲೆಕ್ಕಕ್ಕೆ ಅವರು ಸಿಗುವುದಿಲ್ಲ, ನನ್ನ ಲೆಕ್ಕಕ್ಕೂ ಸಿಕ್ಕಿಲ್ಲ. ಆ ಒಂದೂವರೆ ಲಕ್ಷ ಸಿಕ್ಕಿದರೆ ನಾನು ಮೊದಲು ಹೋಗುವುದು ಅಲ್ಲಿಗೆ.

ಇಂತಿ,
ಒಬ್ಬ ಸಮಾಜ ಕಾರ್ಯಕರ್ತೆ
ಹನುಮಂತನಗರ, ಬೆಂಗಳೂರು

(ಗುತ್ತಿಗೆ ನೌಕರಿ, ಮಾರ್ಚಿಗೆ ನವೀಕರಣ ಆಗಬೇಕಿದೆ. ದಯವಿಟ್ಟು ಹೆಸರು ಹಾಕಬೇಡಿ.)